ಬೀಗರ ಮುಂದೆ ಕೇರಂ ಸೋಲಲು ಹೋಗಿ

ಮುನಿಸಿಕೊಂಡವರನ್ನು ಒಲಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದವನು ಲೋಕದಲ್ಲಿ ನಾನೊಬ್ಬನೇ ಎಂಬುದು ಮಾತ್ರ ಗೊತ್ತಿರಲಿಲ್ಲ.

ಈ ಸಲ ಮುನಿಸಿಕೊಂಡವರು ಸಾಮಾನ್ಯರಲ್ಲ. ಬೀಗರು! ನನ್ನ ಮಗಳು ವೀಣಾಳ ಮಾವ, ಗಂಗಾವತಿಯ ಅಕ್ಕಿ ವ್ಯಾಪಾರಿ ವಿರೂಪಾಕ್ಷಪ್ಪನವರು. ಮದುವೆಯಲ್ಲಿ ಊಟ ಚೆನ್ನಾಗಿತ್ತು, ಹೋಳಿಗೆ ಮೆತ್ತಗಿತ್ತು, ಬ್ಯಾಂಡಿನವರು ಹೇಳಿದ ಹೊತ್ತಿಗೆ ಬಂದಿದ್ದರು. ಇಷ್ಟೆಲ್ಲ ಸುಸೂತ್ರವಾಗಿದ್ದಾಗ ಫೋಟೋ ತೆಗೆಯುವವನು ಒಂದು ಮಾತು ಆಡಿಬಿಟ್ಟ. ಬೀಗರು ಸೆಕೆ ತಾಳದೆ ರುಮಾಲು, ಶಲ್ಯ ಎಲ್ಲ ತೆಗೆದಿಟ್ಟು, ಬರೀ ಅಂಗಿ ಧೋತರದಲ್ಲಿ ಮದುಮಕ್ಕಳ ಪಕ್ಕ ನಿಂತಿದ್ದರು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಯಜಮಾನ್ರ, ನೀವು ಒಂಚೂರು ಬಾಜೂಕ ಸರೀರಿ, ಬೀಗರು ಬಂದು ನಿಲ್ಲಲಿ" ಎಂದ.

ಬೀಗರು ಸರಿದರು. ಸರಿದವರು ಸರಿದೇ ಹೋದರು! ಮದುವೆಯ ಆಲ್ಬಮ್ಮಿನಲ್ಲಿ ಅಡಿಗೆಯವರಿದ್ದಾರೆ, ಮಂಟಪ ಕಟ್ಟಿದವರಿದ್ದಾರೆ, ಯಾರ ಕಡೆಯವರೆಂದು ಈವರೆಗೂ ತಿಳಿಯದ ಒಬ್ಬ ದಪ್ಪ ಮನುಷ್ಯ ಪುಟಪುಟದಲ್ಲೂ ಇದ್ದಾನೆ. ವರನ ತಂದೆಯದು ಮಾತ್ರ ಒಂದೇ ಒಂದು ಫೋಟೋದಲ್ಲಿ ಎಡ ಮೊಣಕೈ ಕಾಣುತ್ತದೆ.

ಅಂದಿನಿಂದ ಬೀಗರು ನಮ್ಮ ಮನೆಯ ಕಡೆ ತಲೆ ಹಾಕಿರಲಿಲ್ಲ. ಒಂದು ದಿನ ವೀಣಾ ಫೋನ್ ಮಾಡಿದಳು.

"ಅಪ್ಪಾ, ಮಾವಾರು ಏನೂ ಅನ್ನೂದಿಲ್ಲ. ಆದ್ರ ಆಲ್ಬಮ್ ತಗೀತಾರ, ಆ ಮೊಣಕೈ ನೋಡ್ತಾರ, ಮುಚ್ಚಿ ಇಡ್ತಾರ. ನನಗ ನೋಡಾಕ ಆಗೂದಿಲ್ಲ."

ಅವಳ ದನಿ ಸಣ್ಣಗಾಗಿತ್ತು. ಹೊಸದಾಗಿ ಹೋದ ಮನೆಯಲ್ಲಿ ಅವಳಿಗೆ ಈ ಮೌನ ಎಷ್ಟು ಚುಚ್ಚುತ್ತಿರಬೇಕು!

"ಅವರಿಗೆ ಏನು ಇಷ್ಟ ಹೇಳು. ಉಳಿದದ್ದು ನನಗ ಬಿಡು" ಎಂದೆ.

"ಕೇರಂ ಅಂದ್ರ ಪ್ರಾಣ ಅಪ್ಪಾ. ಅಂಗಡಿ ಬಾಗಲಾ ಹಾಕಿ ಆಡಾಕ ಹೋಗ್ತಾರ."

ನಾನು ಕುರ್ಚಿಯಿಂದ ಜಿಗಿದೆ. ಕೇರಂ! ನಮ್ಮ ಮನೆಯಲ್ಲಿ ಕೇರಂ ಬೋರ್ಡು ಇತ್ತಲ್ಲ! ನಮ್ಮಪ್ಪ ಹರೆಯದಲ್ಲಿ ಹೈದರಾಬಾದಿನಿಂದ ರೈಲಿನಲ್ಲಿ ತಂದಿದ್ದು. ಸಾಗವಾನಿಯ ಚೌಕಟ್ಟು, ಬಾಗಿಲಿನಷ್ಟು ಭಾರ. ನಾನು ಸಣ್ಣವನಿದ್ದಾಗ ಸಂಜೆಯಾದರೆ ಓಣಿಯ ಜನವೆಲ್ಲ ಅದರ ಸುತ್ತ ಸೇರುತ್ತಿದ್ದರು. ಮರುಗಳಿಗೆಗೇ ಬೀಗರಿಗೆ ಫೋನ್ ಹಚ್ಚಿ, ಬರುವ ಭಾನುವಾರ ಊಟಕ್ಕೆ ಬರಬೇಕೆಂದೂ, ಊಟಕ್ಕೆ ಮುಂಚೆ ಒಂದು ಕೈ ಕೇರಂ ಆಡೋಣವೆಂದೂ ಹೇಳಿದೆ.

ಆ ಕಡೆಯಿಂದ ಬೀಗರು, "ಬೋರ್ಡ ಛಲೋ ಐತೇನ್ರಿ?" ಎಂದರು.

"ಹಳೇ ಕಾಲದ್ದು ರೀ. ಅಂಥಾದ್ದು ಈಗ ಸಿಗೂದಿಲ್ಲ."

"ಬರ್ತೀನಿ" ಎಂದರು ಬೀಗರು. ನಾನು ಗೆದ್ದೆ ಎಂದುಕೊಂಡೆ.

ಹೆಂಡತಿ ಶಾರದಾ ಅಡುಗೆಮನೆಯಿಂದಲೇ ಕೇಳಿದಳು. "ಬೋರ್ಡ ಎಲ್ಲೈತಿ ಗೊತ್ತೈತೇನ್ರಿ?"

"ಅಟ್ಟದ ಮ್ಯಾಲೆ."

"ಮಾಳಿಗಿ ಮ್ಯಾಲೆ. ಅದರ ಮ್ಯಾಲೆ ಸಂಡಿಗಿ ಒಣಗಾಕ್ಹತ್ಯಾವ."

ಹೋಗಿ ನೋಡಿದೆ. ಮುನಿರಾಬಾದಿನ ನೀರಾವರಿ ಕಾಲೊನಿಯಲ್ಲಿ ನಮ್ಮದು ಕ್ವಾರ್ಟರ್ಸು. ಅದರ ಮಾಳಿಗೆಯ ಮೇಲೆ, ಬೆಂಕಿಯಂಥ ಬಿಸಿಲಿನಲ್ಲಿ, ನಮ್ಮಪ್ಪನ ಬೋರ್ಡು ಮೈತುಂಬ ಸಂಡಿಗೆ ಹೊತ್ತುಕೊಂಡು ಮಲಗಿತ್ತು. ವರ್ಷಗಟ್ಟಲೆ ಅದು ಇದೇ ಸೇವೆಯಲ್ಲಿತ್ತಂತೆ. ನಡುವಿನ ವೃತ್ತ ಉಪ್ಪಿನ ಕಲೆಯಡಿ ಮುಚ್ಚಿಹೋಗಿತ್ತು.

ಇನ್ನೂ ಹಸಿಯಾಗಿದ್ದ ಸಂಡಿಗೆಗಳನ್ನು ನಾನು ಎತ್ತಿ ಹಳೇ ಪೇಪರಿನ ಮೇಲೆ ಹಾಕಿದೆ.

"ಪೇಪರ್ ಮ್ಯಾಲೆ ಹಾಕಬ್ಯಾಡ್ರಿ, ಸೀರಿ ಹಾಸ್ರಿ!" ಎಂದು ಶಾರದಾ ಕೆಳಗಿನಿಂದ ಕೂಗುವಷ್ಟರಲ್ಲಿ ನಾನು ಬೋರ್ಡನ್ನು ಹೊತ್ತುಕೊಂಡು ಅರ್ಧ ಮೆಟ್ಟಿಲು ಇಳಿದಿದ್ದೆ.

ಮೊದಲು ತೊಳೆದೆ. ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ಎಮ್ಮೆಯ ಮೈ ತೊಳೆದಂತೆ ಬಕೆಟ್ಟುಗಟ್ಟಲೆ ನೀರು ಸುರಿದೆ. ಬೋರ್ಡು ಹೊಳೆಯಿತು. ಒಣಗಲೆಂದು ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ನೋಡಿದರೆ ಅದು ಹಪ್ಪಳದಂತೆ ಸೊಟ್ಟಗಾಗಿತ್ತು!

ನಾನು ಧೈರ್ಯಗೆಡಲಿಲ್ಲ. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಲು ಭಾರ ಹೇರಬೇಕು, ಅಷ್ಟೇ. ಹಿತ್ತಿಲಲ್ಲಿದ್ದ ಬೀಸುವ ಕಲ್ಲನ್ನು ಉರುಳಿಸಿ ತಂದು ಅದರ ಮೇಲೆ ಕೂರಿಸಿದೆ. ಸಾಲದೆನಿಸಿ ನಾನೂ ಅದರ ಮೇಲೆ ಕುಳಿತು ಚಹಾ ಕುಡಿದೆ.

"ಏನ್ರಿ ಇದು, ಸಿಂಹಾಸನೇನು?" ಎಂದಳು ಶಾರದಾ.

"ದುರಸ್ತಿ" ಎಂದೆ ಗಂಭೀರವಾಗಿ.

ಕಲ್ಲು ತೆಗೆದಾಗ ಬೋರ್ಡು ನೆಟ್ಟಗಿತ್ತು. ನೆಟ್ಟಗಿದೆ ಎಂದು ನನಗೆ ಕಂಡಿತು.

ಇನ್ನು ಕಾಯಿಗಳು. ಬಿಳಿ, ಕರಿ ಎಲ್ಲ ಒಂದು ಹಳೇ ಡಬ್ಬಿಯಲ್ಲಿ ಸಿಕ್ಕವು. ಸ್ಟ್ರೈಕರೂ ಸಿಕ್ಕಿತು. ಕೆಂಪು ರಾಣಿ ಮಾತ್ರ ಇಲ್ಲ. ರಾಣಿಯಿಲ್ಲದೆ ಎಂಥ ಆಟ? ಮನೆಯೆಲ್ಲ ಹುಡುಕುತ್ತಿದ್ದಾಗ ದೇವರ ಜಗುಲಿಯ ಮೇಲೆ ಶಾರದಾಳ ಕುಂಕುಮದ ಕರಡಿಗೆ ಕಂಡಿತು. ಕಿನ್ನಾಳದಿಂದ ತಂದ ಪುಟ್ಟ ಕಟ್ಟಿಗೆಯ ಕರಡಿಗೆ. ಅದರ ಮುಚ್ಚಳ ಚಪ್ಪಟೆ, ದುಂಡಗೆ, ಕೆಂಪಗೆ, ಥೇಟ್ ರಾಣಿ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮುಚ್ಚಳದ ಒಳಗೆ ಕುಂಕುಮ ಮೆತ್ತಿರುತ್ತದೆ ಎಂಬ ಸಣ್ಣ ಸಂಗತಿ ಆ ಸಂತೋಷದಲ್ಲಿ ಹೊಳೆಯಲಿಲ್ಲ.

ಶನಿವಾರ ರಾತ್ರಿ ಊಟ ಬಡಿಸುತ್ತಾ ಶಾರದಾ ನನ್ನನ್ನು ನೆಟ್ಟಗೆ ನೋಡಿದಳು.

"ನಾಳಿ ಗೆಲ್ಲಬ್ಯಾಡ್ರಿ."

"ಅಂದ್ರ?"

"ಅಂದ್ರ ಸೋಲ್ರಿ. ಬೀಗರು ಗೆದ್ದು, ನಕ್ಕು, ಉಂಡು ಹೋಗಬೇಕು. ನಮ್ಮ ಹುಡುಗಿ ಆ ಮನ್ಯಾಗ ಬಾಳಬೇಕು. ತಿಳೀತೇನು?"

"ಅಯ್ಯ, ಅಷ್ಟೇನಾ? ಗೆಲ್ಲೂದು ಕಷ್ಟ. ಸೋಲೂದ್ರಾಗ ಏನೈತಿ?"

ಇಂಥ ಮಾತನ್ನು ಮನುಷ್ಯ ಆಡಬಾರದು.

ಭಾನುವಾರ ಬೀಗರು ಕಾರಿನಿಂದ ಇಳಿದರು. ಜೊತೆಗೆ ಅಳಿಯ ಮಹಾಂತೇಶ, ಮಗಳು ವೀಣಾ. ಬೀಗರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ ಉಟ್ಟು, ಅಳೆದು ತೂಗಿ ನಗುತ್ತಿದ್ದರು. ಅಂದರೆ ನಗುತ್ತಿರಲಿಲ್ಲ. ನೀರು ಕುಡಿದರು, "ಅರಾಮ ಅದೀರಿ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ವೀಣಾ ನನ್ನತ್ತ ನೋಡಿದಳು. ನಾನು ಕಣ್ಣಲ್ಲೇ ಧೈರ್ಯ ಹೇಳಿ ಬೋರ್ಡು ತಂದು ಸ್ಟೂಲಿನ ಮೇಲಿಟ್ಟೆ.

ಬೀಗರ ಮುಖ ಅರಳಿತು. ಸಾಗವಾನಿಯ ಚೌಕಟ್ಟನ್ನು ಕರುವಿನ ಬೆನ್ನು ಸವರಿದಂತೆ ಸವರಿದರು. "ಎಂಥಾ ಮಾಲು! ಇದನ್ನ ಇಷ್ಟ ದಿನ ಎಲ್ಲಿಟ್ಟಿದ್ರಿ?"

"ಭಾಳ ಜ್ವಾಕಿಲೆ ಇಟ್ಟಿದ್ವಿ" ಎಂದೆ. ಅಡುಗೆಮನೆಯಲ್ಲಿ ಶಾರದಾ ಕೆಮ್ಮಿದಳು.

ಕೇರಂ ಪೌಡರು ತರುವುದನ್ನು ಮರೆತಿದ್ದೆ. ಆದರೇನು, ಮೈಗೆ ಹಚ್ಚುವ ಪೌಡರಿತ್ತಲ್ಲ! ಹೊಸ ಡಬ್ಬಿಯನ್ನು ಧಾರಾಳವಾಗಿ ತಟ್ಟಿದೆ. ಅದು ಒಮ್ಮೆಲೇ ಅರ್ಧ ಬಿದ್ದು ಹೋಗಿ, ಕೋಣೆಯಲ್ಲಿ ಮಂಜು ಕವಿಯಿತು. ಮಂಜಿನೊಳಗಿಂದ ಬೀಗರು ಸೀನುವ ಸದ್ದು ಕೇಳಿಬಂತು. ಮಂಜು ಇಳಿದಾಗ ಇಡೀ ಮನೆ ಮಲ್ಲಿಗೆ ಘಮಘಮಿಸುತ್ತಿತ್ತು, ಬೀಗರ ಹುಬ್ಬುಗಳು ನೆರೆತಿದ್ದವು.

"ಆಟ ಸುರು ಮಾಡೂಣೇನ್ರಿ?" ಎಂದರು, ಹುಬ್ಬು ಒರೆಸಿಕೊಳ್ಳುತ್ತಾ.

ಮೊದಲ ಹೊಡೆತ ಅವರಿಗೇ ಬಿಟ್ಟೆ. ಅವರದು ಬಿಳಿ ಕಾಯಿ, ನನ್ನದು ಕರಿ. ನಾವಿಬ್ಬರೂ ಎದುರುಬದುರು. ನನ್ನ ಬಲಕ್ಕೆ ಅಡುಗೆಮನೆಯ ಬಾಗಿಲು, ಎಡಕ್ಕೆ ಕಿಟಕಿ. ಬೀಗರು ಹೊಡೆದರು. ಕಾಯಿಗಳು ಚದುರಿದವು, ಒಂದೂ ಬೀಳಲಿಲ್ಲ. ಈಗ ನನ್ನ ಸರದಿ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಶಾರದಾ ಸೌಟು ಹಿಡಿದು ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ, ಕಿಟಕಿಯ ಕಡೆ ಗುರಿ ಮಾಡಿ, ಕಾಯಿ ಕುಳಿಯಿಂದ ದೂರ ಹೋಗುವಂತೆ ಹೊಡೆದೆ. ಕಾಯಿ ಹೊರಟಿತು. ದಾರಿಯಲ್ಲಿ ಏನೋ ನೆನಪಾದಂತೆ ಮೆಲ್ಲಗೆ ತಿರುಗಿತು. ಕುಳಿಗೆ ಬಿತ್ತು.

"ವಾಹ್!" ಎಂದ ಮಹಾಂತೇಶ.

ಅಡುಗೆಮನೆಯಲ್ಲಿ ಸೌಟು ಬಿತ್ತು.

ಇರಲಿ, ಆಕಸ್ಮಿಕ. ಮತ್ತೊಂದನ್ನು ಇನ್ನೂ ಸೊಟ್ಟಗೆ ಹೊಡೆದೆ. ಅದೂ ದಾರಿ ತಿರುಗಿ ಹೋಗಿ ಬಿತ್ತು. ಒಳಗೆ ತಟ್ಟೆ ಬಿತ್ತು. ಮೂರನೆಯದಕ್ಕೆ ಕಣ್ಣೇ ಮುಚ್ಚಿಬಿಟ್ಟೆ. ಕಣ್ಣು ತೆರೆದಾಗ ಕಾಯಿ ಇರಲಿಲ್ಲ, ಒಳಗೆ ಪಾತ್ರೆಗಳ ಗೂಡೇ ಉರುಳಿದ ಸದ್ದಾಯಿತು.

ಹೇಗೋ ಒಮ್ಮೆ ತಪ್ಪಿ ಸರದಿ ಬೀಗರಿಗೆ ಹೋಯಿತು. ಅವರು ಧೋತರ ಸರಿಪಡಿಸಿಕೊಂಡು, ಉಸಿರು ಬಿಗಿಹಿಡಿದು, ಕುಳಿಯ ನಟ್ಟನಡುವೆ ಗುರಿಯಿಟ್ಟು ಹೊಡೆದರು. ಕಾಯಿ ಕುಳಿಯ ತುಟಿಗೆ ಮುತ್ತಿಟ್ಟು ಪಕ್ಕಕ್ಕೆ ಹೋಯಿತು. ಮತ್ತೆ ನಾನು! ಈ ಸಲ ಒಂದು ಉಪಾಯ ಹೊಳೆಯಿತು. ಸ್ಟ್ರೈಕರನ್ನೇ ಕುಳಿಗೆ ಹಾಕಿದರೆ? ಅದು ತಪ್ಪು ಹೊಡೆತ, ದಂಡ ಬೀಳುತ್ತದೆ, ಒಳಗೆ ಬಿದ್ದ ಒಂದು ಕಾಯಿ ಹೊರಬರುತ್ತದೆ. ನೇರವಾಗಿ ಕುಳಿಗೇ ಗುರಿಯಿಟ್ಟು ಸ್ಟ್ರೈಕರ್ ಬಿಟ್ಟೆ. ಅದು ಕುಳಿಯನ್ನು ತಪ್ಪಿಸಿ, ಪಕ್ಕದಲ್ಲಿ ಸುಮ್ಮನೆ ಕೂತಿದ್ದ ನನ್ನ ಕರಿ ಕಾಯಿಗೆ ಬಡಿದು, ಅದನ್ನು ಕುಳಿಗೆ ತಳ್ಳಿತು!

"ಮಾವಾರ, ಏನ್ ಕೈ ರೀ ನಿಮ್ದು!" ಎಂದ ಮಹಾಂತೇಶ. ವೀಣಾ ಅವನನ್ನು ಚಿವುಟಿದಳು.

ನಾನು ಬೆವತೆ. ಬೀಗರ ಕಿವಿ ಕೆಂಪಗಾಗುತ್ತಿತ್ತು. ಹೀಗೇ ನನ್ನ ಕರಿ ಕಾಯಿಗಳೆಲ್ಲ ಬಿದ್ದು ಒಂದೇ ಉಳಿದಾಗ ರಾಣಿಯ ಸರದಿ ಬಂತು. ಅದನ್ನು ಕಿಟಕಿಯಿಂದಾಚೆ ತುಂಗಭದ್ರೆಗೇ ಹೋಗಲಿ ಎಂಬಂತೆ ಜೋರಾಗಿ ಹೊಡೆದೆ. ರಾಣಿ ಎದುರಿನ ಚೌಕಟ್ಟಿಗೆ ಬಡಿದು, ಹಾರಿ, ತನ್ನೊಳಗಿನ ಕುಂಕುಮವನ್ನೆಲ್ಲ ಬೀಗರ ಬಿಳಿ ಅಂಗಿಯ ಮೇಲೆ ಚೆಲ್ಲಿ, ವಾಪಸು ಬೋರ್ಡಿಗೇ ಬಿದ್ದು, ಉರುಳುತ್ತಾ ಹೋಗಿ ಕುಳಿಯಲ್ಲಿ ಅಡಗಿತು. ಅದರ ಹಿಂದೆಯೇ ಹೊಡೆದ ಕೊನೆಯ ಕಾಯಿಯೂ ಹೋಯಿತು. ಆಟ ಮುಗಿಯಿತು. ಬೀಗರ ಬಿಳಿ ಕಾಯಿಗಳು ಬೋರ್ಡಿನ ತುಂಬ ಹರಡಿಕೊಂಡು ನನ್ನನ್ನೇ ನೋಡುತ್ತಿದ್ದವು.

ಎದೆಯ ಮೇಲೆ ಕುಂಕುಮ, ತಲೆಯ ಮೇಲೆ ಪೌಡರು ಹೊತ್ತ ಬೀಗರು ಪೂಜೆ ಮುಗಿದ ದೇವರಂತೆ ಎದ್ದು ನಿಂತರು.

"ಫೋಟೋದಾಗ ಜಾಗಾ ಕೊಡಲಿಲ್ಲ. ಆಟದಾಗ ಸರದೀನೂ ಕೊಡವಲ್ರಿ! ಮಹಾಂತೇಶಾ, ಗಾಡಿ ತಗಿ."

ವೀಣಾಳ ಕಣ್ಣು ತುಂಬಿ ಬಂತು. ಅದನ್ನು ನೋಡಿ ನನ್ನ ಬಾಯಿಂದ ಸತ್ಯ ಜಾರಿತು.

"ಬೀಗರ, ನಿಲ್ರಿ! ನಾ ಸೋಲಾಕಂತನ ಆಡಿದ್ದು ರೀ!"

ಶಾರದಾ ಹಣೆ ಬಡಿದುಕೊಂಡಳು. ಬೀಗರು ನಿಧಾನವಾಗಿ ತಿರುಗಿದರು.

"ಅಂದ್ರ, ನನಗ ನನ್ನ ಕೈಲೆ ಗೆಲ್ಲಾಕ ಆಗೂದಿಲ್ಲಂತ ತಿಳಕೊಂಡ್ರಿ. ಹೌದಿಲ್ಲೋ?"

"ಹಂಗಲ್ರಿ..."

"ಸೋಲಾಕಂತ ಆಡಿ ಈ ಪರಿ ಹೊಡದೀರಿ. ಇನ್ನ ಗೆಲ್ಲಾಕ ಆಡಿದ್ರ ನಾ ಏನು ಬೋರ್ಡಿನ ಧೂಳಾ ಒರಸ್ಕೋತ ಕುಂದ್ರಬೇಕೇನು?" ಅವರು ದೊಪ್ಪನೆ ಮತ್ತೆ ಕುಳಿತರು. "ಕುಂದರ್ರಿ. ಈಗ ಖರೇ ಆಟ ಆಡ್ರಿ. ಬೇಕಂತ ಕೈ ಬಿಟ್ಟು ಆಡಿದ್ದು ಕಂಡ್ರ ಇದ ಕಡೀ ಸಲ ನಿಮ್ಮ ಮನಿ ಹೊಸ್ತಲಾ ತುಳದದ್ದು!"

ಗೆದ್ದರೆ ಮುನಿಸು, ಸೋತರೆ ಸಂಶಯ. ಶಾರದಾಳ ಮುಖ ನೋಡಿದೆ. ಅವಳು "ನಿಮ್ಮ ಹಣೇಬರಾ" ಎಂಬಂತೆ ಕೈಯಾಡಿಸಿ ಒಳಗೆ ಹೋದಳು. ಸರಿ, ಪ್ರಾಮಾಣಿಕವಾಗಿಯೇ ಆಡುವುದೆಂದು ನಿಶ್ಚಯಿಸಿದೆ. ಈಗಾಗಲೇ ಸಿಕ್ಕಿದ ವಿಜಯದಿಂದ ನನಗೂ ಸ್ವಲ್ಪ ಅಮಲೇರಿತ್ತು. ಸುಮ್ಮನೆ ಹೊಡೆದರೆ ಇಷ್ಟು ಬಿದ್ದವು, ಗುರಿಯಿಟ್ಟರೆ ಏನಾಗಬಹುದು!

ಗುರಿಯಿಟ್ಟೆ. ತಪ್ಪಿತು. ಮತ್ತೆ ಗುರಿಯಿಟ್ಟೆ. ಅದೂ ತಪ್ಪಿತು. ಕುಳಿಯ ಬಾಯಲ್ಲೇ ನಿಂತ ಕಾಯಿಯನ್ನು ಹೊಡೆಯಲು ಹೋಗಿ ಕುಳಿಯನ್ನೂ ಕಾಯಿಯನ್ನೂ ತಪ್ಪಿಸಿ ಬೀಗರ ಮೊಣಕಾಲಿಗೆ ಹೊಡೆದೆ. ಆ ಕಡೆ ಬೀಗರದು ಒಂದಾದ ಮೇಲೊಂದು ಬೀಳುತ್ತಿದ್ದವು!

"ಇದೂ ನಾಟಕೇನ್ರಿ?" ಎಂದರು ಬೀಗರು ಹುಬ್ಬು ಗಂಟಿಕ್ಕಿ.

"ನಿಮ್ಮಾಣಿ ಇಲ್ರಿ!"

ನಿಜಕ್ಕೂ ಇರಲಿಲ್ಲ. ಸೋಲುವ ಮನುಷ್ಯ ಏನೇನು ಮಾಡುತ್ತಾನೋ ಅದನ್ನೆಲ್ಲ ಮಾಡಿದೆ. ಸ್ಟೂಲು ಅಲುಗಾಡುತ್ತದೆ ಎಂದೆ. ಫ್ಯಾನಿನ ಗಾಳಿ ಅಡ್ಡ ಬರುತ್ತದೆ ಎಂದು ಆರಿಸಿದೆ, ಸೆಕೆಯಾಗುತ್ತದೆ ಎಂದು ಹಾಕಿದೆ. ಸ್ಟ್ರೈಕರನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ಹುಳುಕು ಹುಡುಕಿದೆ. ಕೊನೆಗೆ ಬೀಗರು ನೀರು ಕುಡಿಯಲು ತಲೆಯೆತ್ತಿದಾಗ, ನನಗೇ ಗೊತ್ತಿಲ್ಲದಂತೆ ನನ್ನ ಕಿರುಬೆರಳು ಮುಂದೆ ಹೋಗಿ ಒಂದು ಕರಿ ಕಾಯಿಯನ್ನು ಕುಳಿಯ ಕಡೆಗೆ ಮೆಲ್ಲಗೆ ನೂಕಿತು.

ಲೋಟ ಕೆಳಗಿಳಿಯಿತು. ಬೀಗರ ಕೈ ನನ್ನ ಕಿರುಬೆರಳನ್ನು ಗಪ್ಪನೆ ಹಿಡಿಯಿತು!

ನಾನು ಸತ್ತೆ ಎಂದುಕೊಂಡೆ. ಮಗಳ ಮಾವನೆದುರು, ಮಗಳ ಮುಂದೆ, ಅಳಿಯನ ಸಾಕ್ಷಿಯಾಗಿ, ಕಿರುಬೆರಳು ಸಮೇತ ಸಿಕ್ಕಿಬಿದ್ದಿದ್ದೆ. ಬೀಗರು ನನ್ನ ಬೆರಳು ನೋಡಿದರು, ಕಾಯಿ ನೋಡಿದರು, ನನ್ನ ಮುಖ ನೋಡಿದರು. ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಅವರು ನಕ್ಕರು ನೋಡಿ, ಕಿಟಕಿಯ ಗಾಜು ಗದಗುಟ್ಟಿತು!

"ಈಗ ನಂಬಿದೆ! ಮೋಸಾ ಮಾಡ್ಯಾರ ಅಂದಮ್ಯಾಗ ಗೆಲ್ಲಾಕ ಆಡಾಕ್ಹತ್ಯಾರ! ಖರೇ ಆಟಾ ಆಡಾಕ್ಹತ್ಯಾರ!"

ವೀಣಾ ಅಳುತ್ತಿದ್ದವಳು ನಗತೊಡಗಿದಳು. ಮಹಾಂತೇಶ ಗೋಡೆಗೆ ಒರಗಿ ನಕ್ಕ. ಒಳಗಿಂದ ಓಡಿಬಂದ ಶಾರದಾಗೆ ಏನಾಯಿತೆಂದು ಹೇಳುವವರೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಬೀಗರು ಆಟ ಮುಗಿಸಿದರು. ನನ್ನ ಕಾಯಿ ಒಂದೂ ಕುಳಿ ಕಂಡಿರಲಿಲ್ಲ.

"ನನ್ನ ಗುರಿ ಹಿಂಗ ತಪ್ಪೂದೇ ಇಲ್ರಿ" ಎಂದೆ, ಉಳಿದಿದ್ದ ಮಾನದಲ್ಲಿ.

"ನಿಮ್ಮ ಗುರಿ ತಪ್ಪಿಲ್ರಿ. ಬೋರ್ಡ ಅಡಿಗಿಮನಿ ಕಡಿ ವಾಲೈತಿ" ಎಂದರು ಬೀಗರು. "ನೀವು ಕಿಟಕಿ ಕಡಿ ಹೊಡದಾಗೆಲ್ಲಾ ಬಿದ್ದೂ. ಮೊದಲನೇ ಆಟ ಪೂರ್ತಿ ಕುಂತು ಅದನ್ನ ನೋಡಿನಿ. ನೋಡೂದು ಬಿಟ್ರ ನನಗ ಬ್ಯಾರೆ ಕೆಲಸನೂ ಇರಲಿಲ್ಲ. ಆಗ ನೀವು ಹೆಂಗ ಬೇಕಂತ ತಪ್ಪು ಹೊಡದಿದ್ರಿ, ಎರಡನೇ ಆಟದಾಗ ನಾ ಹಂಗ ಹೊಡದೆ."

ಬೀಗರು ನನ್ನ ಭುಜ ತಟ್ಟಿ ಸೇರಿಸಿದರು: "ಬೋರ್ಡ ನಿಮ್ಮಂಗ ಐತಿ ಬಿಡ್ರಿ. ಏನ್ ಮಾಡಿದ್ರೂ ಅಡಿಗಿಮನಿ ಕಡೀಗೇ ವಾಲತೈತಿ."

ಶಾರದಾ ಮೊದಲ ಬಾರಿಗೆ ಬಾಯಿತುಂಬ ನಕ್ಕಳು. ನಾನೇನು ಹೇಳಲಿ? ನನ್ನ ಕೆಲಸ ಕಾಲುವೆಗಳದು. ನೀರು ಯಾವ ಕಡೆ ಹರಿಯುತ್ತದೆ, ನೆಲ ಎಲ್ಲಿ ವಾಲಿದೆ ಎಂದು ನೋಡುವುದಕ್ಕೇ ಸರಕಾರ ನನಗೆ ಸಂಬಳ ಕೊಡುತ್ತಿದೆ!

ಬೀಗರು ಅಂದು ಹೊಟ್ಟೆ ತುಂಬ ಉಂಡರು. ನನ್ನ ಅಂಗಿ ಹಾಕಿಕೊಂಡು, ಗುಂಡಿ ಹತ್ತದೆ ಬಿಚ್ಚಿಟ್ಟುಕೊಂಡೇ ಉಂಡರು. ಕರಿದ ಸಂಡಿಗೆ ಬಂದಾಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು. ಪೇಪರಿನ ಅಕ್ಷರಗಳು ಅದರ ಮೇಲೆ ಉಲ್ಟಾ ಮೂಡಿದ್ದವು. ಪಕ್ಕದಲ್ಲಿ ಯಾವನೋ ಪುಢಾರಿಯ ಅರ್ಧ ಮೀಸೆ.

"ಬೀಗತಿಯಾರ, ಇದರಾಗ ಇವತ್ತಿನ ಸುದ್ದಿ ಐತೋ, ನಿನ್ನಿದೋ?" ಎಂದರು.

"ಹೋದ ವಾರದ್ದು ಇರಬೇಕ್ರಿ. ಇವರನ್ನ ಕೇಳ್ರಿ, ಇವರ ಛಾಪಿಸಿದ್ದು" ಎಂದಳು ಶಾರದಾ.

ಹೊರಡುವಾಗ ವೀಣಾ ನನ್ನ ಕೈ ಗಟ್ಟಿಯಾಗಿ ಹಿಡಿದು ಅಮುಕಿದಳು. ಬೀಗರು ಮಾತ್ರ ಬಾಗಿಲಲ್ಲಿ ನಿಂತೇ ಇದ್ದರು. ತಲೆ ಕೆರೆದುಕೊಂಡರು. ಆಮೇಲೆ ಸಣ್ಣ ಹುಡುಗನಂತೆ ಕೇಳಿದರು.

"ಆ ಬೋರ್ಡ ಒಂದ್ನಾಕು ದಿನಾ ಒಯ್ಯಲೇನ್ರಿ? ನಮ್ಮ ಅಕ್ಕಿ ಮಂಡಿ ಗೆಳ್ಯಾರು ಭಾಳ ಮೆರೀತಾರ. ಅವರ್ನ ಒಂದ್ ಕೈ ನೋಡಬೇಕಾಗೈತಿ."

ಇಲ್ಲವೆನ್ನಲಾಗುತ್ತದೆಯೇ? ನಮ್ಮಪ್ಪನ ಬೋರ್ಡು ಕಾರಿನ ನೆತ್ತಿಯ ಮೇಲೆ ಹಗ್ಗ ಬಿಗಿಸಿಕೊಂಡು ಗಂಗಾವತಿಗೆ ಹೊರಟಿತು. ಅದು ಇನ್ನೂ ಬಂದಿಲ್ಲ.

ಬೀಗರು ಅದರ ಮೇಲೆ ಗಂಗಾವತಿಯಲ್ಲಿ ಯಾರ್ಯಾರನ್ನೋ ಸೋಲಿಸಿದರೆಂದು ವೀಣಾಳಿಂದ ಸುದ್ದಿ ಬರುತ್ತಿತ್ತು. ಆಮೇಲೆ ಸುದ್ದಿ ನಿಂತಿತು. ಕೆಲವು ತಿಂಗಳ ಮೇಲೆ ಬೀಗರೇ ಫೋನ್ ಮಾಡಿದರು. ದನಿ ಸೋತಿತ್ತು.

"ಬೀಗರ, ಒಮ್ಮೆ ಬಂದ ಹೋಗ್ರಿ."

ನಾನು ಗಾಬರಿಯಾದೆ. "ಯಾಕ್ರಿ, ಏನಾತು? ಎಲ್ಲಾರೂ ಅರಾಮ ಅದಾರಿಲ್ಲೋ?"

"ಎಲ್ಲಾರೂ ಅರಾಮ ಅದಾರ. ಬೋರ್ಡ ಯಾ ಕಡಿ ವಾಲೈತಿ ಅಂತ ಇಲ್ಲಿ ಎಲ್ಲಾರಿಗೂ ತಿಳದ್ಹೋಗೈತಿ." ಅವರು ನಿಟ್ಟುಸಿರು ಬಿಟ್ಟರು. "ನಾ ಗೆದ್ದು ಭಾಳ ದಿನಾ ಆತು ರೀ. ನೀವು ಬಂದ್ರ ಒಂದಿಷ್ಟು ಮನಸಿಗೆ ಸಮಾಧಾನ ಆಕ್ಕೈತಿ."

ನನಗೆ ರೋಷ ಉಕ್ಕಿತು. ಬೋರ್ಡಿನ ಗುಟ್ಟು ಈಗ ನನಗೂ ಗೊತ್ತು. ಈ ಸಲ ನಾಟಕವಿಲ್ಲ, ಕಿರುಬೆರಳಿಲ್ಲ, ಗೆದ್ದೇ ಬರುತ್ತೇನೆ ಎಂದು ಶಾರದಾಗೆ ಗುಡುಗಿ ಹೇಳಿ ಬಸ್ಸು ಹತ್ತಿದೆ.

ಬೀಗರಿಗೆ ಸಮಾಧಾನವಾಯಿತು!